ಪಲ್ಮಿಡಿ, ಹಲ್ಮಿಡಿ, ಅಲ್ಮಿಡಿ: ಒಂದು ಉಕ್ತಲೇಖನದ ಪ್ರಕರಣ

ನಾನು ಕನ್ನಡ ಮೇಷ್ಟ್ರು. ಮಂಡ್ಯ ಸೀಮೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಎಂಟನೇ ತರಗತಿಯ ಒಬ್ಬ ಹುಡುಗನ ಉಕ್ತಲೇಖನದ ಪುಸ್ತಕದಿಂದ ಈ ಪ್ರಕರಣ ಶುರುವಾಯಿತು. ಹುಡುಗ ಅದೇ ಊರಿನವನು. ಮನೆಯಲ್ಲಿ ಎರಡು ಎಮ್ಮೆ, ಒಂದಿಷ್ಟು ಕಬ್ಬು. ಶಾಲೆ ಶುರುವಾದ ಹೊಸದರಲ್ಲಿ ಇಪ್ಪತ್ತು ಪದ ಹೇಳಿ ಬರೆಸಿದೆ. ಅವನಿಗೆ ಒಂಬತ್ತು ತಪ್ಪಿದವು.

ಹಾಲು ಎನ್ನುವಲ್ಲಿ ಅವನು ‘ಆಲು’ ಎಂದು ಬರೆದಿದ್ದ. ಹಬ್ಬ ‘ಅಬ್ಬ’ ಆಗಿತ್ತು, ಹೊಲ ‘ಒಲ’, ಹಿಟ್ಟು ‘ಇಟ್ಟು’, ಹುಣಸೆ ‘ಉಣಸೆ’, ಸಹಾಯ ‘ಸಾಯ’. ಇವು ಆರು. ಇನ್ನು ಮೂರು ಬೇರೆ ಥರದವು: ಆನೆಯನ್ನು ‘ಹಾನೆ’ ಎಂದೂ ಎಲೆಯನ್ನು ‘ಹೆಲೆ’ ಎಂದೂ ಅಕ್ಕಿಯನ್ನು ‘ಹಕ್ಕಿ’ ಎಂದೂ ಬರೆದಿದ್ದ. ಒಂಬತ್ತಕ್ಕೂ ಕೆಂಪು ಗೆರೆ ಎಳೆದು ಕೆಳಗೆ ‘ಉಚ್ಚಾರಣೆ ತಿದ್ದಿಕೋ’ ಎಂದು ಬರೆದು ಕೊಟ್ಟೆ. ಮರುದಿನ ಅವನಿಂದಲೇ ಗಟ್ಟಿಯಾಗಿ ಓದಿಸಿದೆ. ‘ಅಬ್ಬ’ ಎಂದಾಗ ಎರಡು ಮೂರು ಮಕ್ಕಳು ಕಿಸಕ್ಕನೆ ನಕ್ಕರು. ಅಪ್ಪನಿಗೆ ವರ್ಗವಾಗಿ ಹಾವೇರಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ, ಕೆಟ್ಟ ಮನಸ್ಸೇನೂ ಇಲ್ಲದೆ, “ಅದು ಅಬ್ಬ ಅಲ್ರಿ ಸರ್, ಹಬ್ಬ” ಅಂದಳು. ಹುಡುಗ ಆ ದಿನ ಮತ್ತೆ ಬಾಯಿ ಬಿಡಲಿಲ್ಲ. ಆ ವಾರವಿಡೀ ಬಿಡಲಿಲ್ಲ.

ಅವನ ಮೌನ ನನ್ನನ್ನು ಕಾಡಿತು. ಪುಸ್ತಕ ಮತ್ತೆ ತರಿಸಿಕೊಂಡು ನೋಡಿದೆ. ಮೊದಲ ಸಲ ತಪ್ಪುಗಳನ್ನು ಎಣಿಸಿದ್ದೆ, ಈ ಸಲ ಸರಿಯಾಗಿದ್ದವನ್ನೂ ಓದಿದೆ. ಮಳೆ, ಕೊಳಲು, ಬಾಳೆ, ಹೀಗೆ ‘ಳ’ ಬರುವ ಕಡೆಯೆಲ್ಲ ‘ಳ’ವೇ ಇತ್ತು. ‘ಣ’ ಎಲ್ಲೂ ‘ನ’ ಆಗಿರಲಿಲ್ಲ. ಒತ್ತಕ್ಷರ, ದೀರ್ಘ ಎಲ್ಲ ನೆಟ್ಟಗಿದ್ದವು. ಒಂಬತ್ತು ತಪ್ಪಿಗೂ ಕಾರಣ ಒಂದೇ ಅಕ್ಷರ, ಹಕಾರ. ಭಾಷೆ ಬಾರದ ಮಗುವಿನ ತಪ್ಪು ಹೀಗಿರುವುದಿಲ್ಲ, ಅದು ನಾಲ್ಕೂ ಕಡೆ ಚೆಲ್ಲಾಪಿಲ್ಲಿಯಾಗಿರುತ್ತದೆ. ಇವನ ಬಾಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮ ಕೆಲಸ ಮಾಡುತ್ತಿತ್ತು: ಪದದ ಮೊದಲಲ್ಲಿ ಹಕಾರ ಇಲ್ಲ, ಎರಡು ಸ್ವರಗಳ ನಡುವೆಯೂ ಇಲ್ಲ. ಅದನ್ನು ಅವನಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ತಾಯಿ, ಅಜ್ಜಿ, ಬೀದಿಯ ಗೆಳೆಯರು ಆಡಿದ್ದನ್ನು ಕೇಳಿಯೇ ಅದು ಅವನಿಗೆ ಬಂದಿತ್ತು.

ಈ ನಿಯಮ ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಸಾವಿರದೈನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಎಂಬ ಊರಿದೆ. ಅಲ್ಲಿ ಸಿಕ್ಕ ಶಾಸನ ಕನ್ನಡದ ಮೊದಮೊದಲ ಶಾಸನಗಳಲ್ಲಿ ಒಂದು, ಸುಮಾರು ಕ್ರಿ.ಶ. 450ರದ್ದು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಹೋರಾಟದಲ್ಲಿ ಗೆದ್ದವನೊಬ್ಬನಿಗೆ ಎರಡು ಊರುಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಒಂದು ಮೂೞಿವಳ್ಳಿ. ಇನ್ನೊಂದರ ಹೆಸರನ್ನು ಕಲ್ಲು ಕಡೆದವನು ‘ಪಲ್ಮಿಡಿ’ ಎಂದು ಬರೆದಿದ್ದಾನೆ. ಅಂದು ಪಲ್ಮಿಡಿ, ಇಂದು ಹಲ್ಮಿಡಿ. ಊರು ಅದೇ, ನೆಲವೂ ಅದೇ. ನಡುವೆ ಎಲ್ಲೋ ಪಕಾರ ಹಕಾರವಾಯಿತು.

ಇದು ಒಂದು ಊರಿನ ಹೆಸರಿಗಷ್ಟೇ ಆದದ್ದಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪೊಲ ಹೊಲವಾಯಿತು, ಪಿಟ್ಟು ಹಿಟ್ಟಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಪೊಯ್ಸಳರು ಹೊಯ್ಸಳರಾದರು, ಪಂಪೆ ಹಂಪೆಯಾಯಿತು. ಸಂಸ್ಕೃತದಿಂದ ಬಹಳ ಹಿಂದೆಯೇ ಬಂದಿದ್ದ ‘ಪರ್ವ’ ಕೂಡ ಪಬ್ಬವಾಗಿ, ಕೊನೆಗೆ ಹಬ್ಬವಾಯಿತು. ಅದೇ ಪದವನ್ನು ಆಮೇಲೆ ಪುಸ್ತಕದಿಂದ ಇನ್ನೊಮ್ಮೆ ತಂದುಕೊಂಡಾಗ ಅಲೆ ದಾಟಿಹೋಗಿತ್ತು, ಆದ್ದರಿಂದ ‘ಪರ್ವಕಾಲ’ ಹಾಗೇ ಉಳಿಯಿತು. ನೆರೆಯ ಭಾಷೆಗಳಿಗೆ ಈ ಅಲೆ ತಟ್ಟಲಿಲ್ಲ. ತಮಿಳರಿಗೂ ಮಲಯಾಳಿಗಳಿಗೂ ಕೊಡವರಿಗೂ ಇಂದಿಗೂ ಪಾಲ್, ತೆಲುಗರಿಗೆ ಪಾಲು. ಮಂಗಳೂರಿನ ದಸರೆಯಲ್ಲಿ ಕುಣಿಯುವುದು ಪಿಲಿವೇಷ; ನಮ್ಮ ಹುಲಿಯೇ ತುಳುವಿನಲ್ಲಿ ಪಿಲಿ.

ಕನ್ನಡದ ಒಳಗೇ ಈ ಬದಲಾವಣೆಯ ಕುರುಹು ಬೇಕಿದ್ದರೆ ಹತ್ತರಿಂದ ಎಣಿಸುತ್ತಾ ಹೋದರೆ ಸಾಕು: ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು. ನಾಲ್ಕರ ಒಳಗೂ ಕೂತಿರುವುದು ‘ಪತ್ತು’ ಎಂಬ ಒಂದೇ ಪದ. ಮೊದಲಲ್ಲಿ ಬಂದಾಗ ಪಕಾರ ಸಡಿಲವಾಗಿ ಹಕಾರವಾಗಿದೆ. ಇಪ್ಪತ್ತಿನಲ್ಲಿ ಒತ್ತಿನ ಬಲದಿಂದ ಹಾಗೇ ಉಳಿದಿದೆ. ಮೂವತ್ತಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕು ವಕಾರವಾಗಿದೆ, ಎಂಬತ್ತಿನಲ್ಲಿ ಅನುನಾಸಿಕದ ಪಕ್ಕ ಬಕಾರವಾಗಿದೆ. ಅಪ್ಪ, ಉಪ್ಪು, ತಪ್ಪು ಇವುಗಳಲ್ಲಿ ಪಕಾರ ಬದುಕಿಕೊಂಡದ್ದೂ ಒತ್ತಿನ ಬಲದಿಂದಲೇ. ಕೆಲವು ಪದಗಳು ಮಾತ್ರ ಏಕೆ ಹೊರಗುಳಿದವೋ ಹೇಳುವುದು ಸುಲಭವಲ್ಲ. ಎಮ್ಮೆ ಕೊಡುವ ಪಾಲ್ ಹಾಲಾಯಿತು. ಅಣ್ಣತಮ್ಮಂದಿರು ಹಂಚಿಕೊಳ್ಳುವ ಪಾಲ್ ಇಂದಿಗೂ ಪಾಲು.

ತರಗತಿಯಲ್ಲಿ ಇದನ್ನು ಮಕ್ಕಳ ಬಾಯಿಯಿಂದಲೇ ಮಾಡಿಸಿ ತೋರಿಸಬಹುದು. ‘ಪ’ ಹೇಳಲು ಎರಡೂ ತುಟಿ ಮುಚ್ಚಿ ಉಸಿರು ತಡೆದು ಬಿಡಬೇಕು. ತುಟಿ ಪೂರ್ತಿ ಮುಚ್ಚದೆ ಬಿಟ್ಟರೆ ಊದಿದ ಹಾಗಾಗುತ್ತದೆ. ತುಟಿಯ ಕೆಲಸವನ್ನೇ ಕೈಬಿಟ್ಟರೆ ಉಳಿಯುವುದು ಬರೀ ಉಸಿರು, ಅದೇ ‘ಹ’. ಆ ಉಸಿರನ್ನೂ ಬಿಟ್ಟರೆ ಸ್ವರವೊಂದೇ. ಪಾಲು, ಹಾಲು, ಆಲು ಒಂದೇ ಇಳಿಜಾರಿನ ಮೂರು ಮೆಟ್ಟಿಲು. ಬೇರೆ ಕಡೆಯೂ ಇಂಥ ದಾರಿ ಸವೆದಿದೆ. ಲ್ಯಾಟಿನ್‌ನಲ್ಲಿ ಎಷ್ಟೋ ಪದಗಳ ಮೊದಲಿಗಿದ್ದ ‘ಫ’ ಸ್ಪ್ಯಾನಿಷ್‌ನಲ್ಲಿ ಹಕಾರವಾಗಿ, ಆಮೇಲೆ ಬಿದ್ದೇಹೋಯಿತು. ಆ ಅಕ್ಷರವನ್ನು ಅವರು ಈಗಲೂ ಬರೆಯುತ್ತಾರೆ, ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ಅಲ್ಲಿ ಅದೇ ಶಿಷ್ಟ ಭಾಷೆ.

ಇಲ್ಲಿ ಹಾಗಾಗಲಿಲ್ಲ. ಮೊದಲ ಮೆಟ್ಟಿಲು ಇಳಿದವರನ್ನು ಇಡೀ ಕನ್ನಡ ಹಿಂಬಾಲಿಸಿತು. ಎರಡನೆಯದನ್ನು ಇಳಿದವರು ತರಗತಿಯಲ್ಲಿ ನಗೆಗೀಡಾಗುತ್ತಿದ್ದಾರೆ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಒಂದು ಭಾಷೆಯೊಳಗೆ ಉಪಭಾಷೆಗಳು ಏಕೆ ಹುಟ್ಟುತ್ತವೆ ಎಂದರೆ, ಬದಲಾವಣೆ ಒಂದು ಕಡೆ ಶುರುವಾಗಿ ಜನರ ಬಾಯಿಂದ ಬಾಯಿಗೆ ಹೋಗುತ್ತದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಎಲ್ಲಿ ನಿಂತಿತು, ಯಾರಲ್ಲಿ ನಿಂತಿತು ಎಂಬುದನ್ನು ನೋಡಬೇಕು.

ಪಕಾರ ಒಂದೇ ದಿನದಲ್ಲಿ ಹೋದದ್ದಲ್ಲ. 941ರ ಸುಮಾರಿಗೆ ಬರೆದ ಪಂಪನ ಕಾವ್ಯಗಳಲ್ಲಿ ಪಕಾರವೇ ಇದೆ. ಸುಮಾರು ಅದೇ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕತೊಡಗುತ್ತದೆ. ನಾಲ್ಕೈದು ನೂರು ವರ್ಷದ ನಂತರ ನಡುಗನ್ನಡದಲ್ಲಿ ಹಕಾರದ್ದೇ ರಾಜ್ಯ. ನಡುವಿನ ಅಷ್ಟೂ ತಲೆಮಾರುಗಳಲ್ಲಿ ಪಾಲ್ ಅನ್ನುವವರೂ ಹಾಲ್ ಅನ್ನುವವರೂ ಒಟ್ಟಿಗೆ ಬದುಕಿದರು. ಯಾವುದೋ ಅಗ್ರಹಾರದಲ್ಲಿ, ಯಾವುದೋ ಮಠದಲ್ಲಿ, ಪಾಲ್ ಎಂದು ಓದಿಸುತ್ತಿದ್ದ ಗುರುವಿನ ಮುಂದೆ ಹಾಲ್ ಎಂದ ಒಬ್ಬ ಹುಡುಗ ಇದ್ದಿರಲೇಬೇಕು. ನಾವೆಲ್ಲ ಆ ಹುಡುಗನ ಭಾಷೆ ಆಡುತ್ತಿದ್ದೇವೆ.

13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಪಕಾರ ಹಕಾರವಾಗುವುದನ್ನು ಗುರುತಿಸಿದ್ದಾನೆ. ನನಗೆ ಅದಕ್ಕಿಂತ ಹತ್ತಿರವೆನಿಸುವುದು ಅವನು ಮಾಡಿದ ಇನ್ನೊಂದು ಕೆಲಸ. ಹಳಗನ್ನಡದಲ್ಲಿ ‘ೞ’ ಎಂಬ ಧ್ವನಿಯಿತ್ತು, ಮೂೞಿವಳ್ಳಿಯಲ್ಲಿ ಇರುವಂಥದು. ಅವನ ಕಾಲಕ್ಕೆ ಜನರ ಮಾತಿನಲ್ಲಿ ಅದು ‘ಳ’ದೊಳಗೆ ಕರಗುತ್ತಿತ್ತು. ಆದ್ದರಿಂದ ಯಾವ ಪದಕ್ಕೆ ‘ೞ’ ಬರೆಯಬೇಕೆಂದು ಅವನು ಪಟ್ಟಿಯನ್ನೇ ಕಟ್ಟಿಕೊಟ್ಟ. ಕಿವಿಗೆ ಕೇಳುವುದಾದರೆ ಪಟ್ಟಿ ಬೇಕಿರಲಿಲ್ಲ. ನನ್ನ ಹುಡುಗನಿಗೆ ಬೇಕಿದ್ದದ್ದೂ ಅಂಥ ಒಂದು ಪಟ್ಟಿ. ‘ಉಚ್ಚಾರಣೆ ತಿದ್ದಿಕೋ’ ಎಂದು ಬರೆದು ನಾನು ಕೊಟ್ಟದ್ದು ಒಂದು ಗದರಿಕೆ.

‘ೞ’ ಹೋಯಿತು, ‘ಱ’ವೂ ಹೋಯಿತು. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಈಗ ಎರಡೂ ‘ಅರಿ’. ಕಱೆ ಎಂದರೆ ಹಾಲು ಹಿಂಡು, ಕರೆ ಎಂದರೆ ಕೂಗು. ಈಗ ಎರಡೂ ‘ಕರೆ’. ಇದರಿಂದ ಕನ್ನಡ ಹಾಳಾಯಿತೆಂದು ಯಾರೂ ಹೇಳುವುದಿಲ್ಲ. ಎಮ್ಮೆ ಕರೆ, ಅತ್ತೆಯನ್ನು ಕರೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹಾಗಿರುವಾಗ ಹುಡುಗನ ಮನೆಯಲ್ಲಿ ಹಕ್ಕಿಯೂ ಅಕ್ಕಿಯೂ ಒಂದೇ ಸದ್ದಾಗಿರುವುದು ಮಾತ್ರ ಏಕೆ ಗೊಂದಲ ಅನ್ನಿಸಬೇಕು? ಅವನ ತಾಯಿ ‘ಅಕ್ಕಿ ಗೂಡು ಕಟ್ಟೈತೆ’ ಅಂದಾಗ ಅನ್ನದ ಅಕ್ಕಿ ಎಂದು ಆ ಮನೆಯಲ್ಲಿ ಯಾರೂ ತಿಳಿಯುವುದಿಲ್ಲ.

ಇನ್ನು ಹಕಾರ ಎಲ್ಲಿ ಉಳಿದಿದೆ, ಎಲ್ಲಿ ಬಿದ್ದಿದೆ ಎಂದು ನೋಡೋಣ. ಹಳೇ ಮೈಸೂರಿನ ಬಯಲುಸೀಮೆಯ ಹಳ್ಳಿಗಳಲ್ಲಿ, ಮಂಡ್ಯ, ಮೈಸೂರು, ಚಾಮರಾಜನಗರ, ಹಾಸನ, ತುಮಕೂರು, ಬೆಂಗಳೂರಿನ ಸುತ್ತ, ಆಲು, ಊವು, ಒಲ ಅನ್ನುವ ಮಾತು ಕಿವಿತುಂಬ ಕೇಳುತ್ತದೆ. ಹುಣಸೂರಿಗೆ ಹೋಗುವವರು ಉಣಸೂರಿಗೆ ಓಗುತ್ತಾರೆ. ಧಾರವಾಡ, ಹಾವೇರಿ ಕಡೆ ಹಕಾರ ಬಹುಮಟ್ಟಿಗೆ ಗಟ್ಟಿಯಾಗಿದೆ. ಅಲ್ಲಿ ‘ಬಹಳ’ದ ಹಕಾರ ಬೀಳುವಾಗಲೂ ಸುಮ್ಮನೆ ಬೀಳದೆ ‘ಭಾಳ’ ಎಂದು ಹಿಂದಿನ ಅಕ್ಷರಕ್ಕೆ ಉಸಿರು ತುಂಬುತ್ತದೆ. ಹಕಾರವೂ ಮಹಾಪ್ರಾಣಗಳೂ ತುಂಬಿರುವ ಮರಾಠಿ ಮತ್ತು ದಖನಿ ಉರ್ದುವಿನ ಜೊತೆ ತಲೆಮಾರುಗಳಿಂದ ಬೆರೆತು ಬಾಳಿದ್ದು ಅದಕ್ಕೊಂದು ಕಾರಣ ಎಂದು ನಾನು ನಂಬುತ್ತೇನೆ. ಘಟ್ಟದ ಅಂಚಿನ ಹವ್ಯಕರಲ್ಲೂ ಹಕಾರ ಇದೆ.

ಆದರೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು ಇತ್ತ ಒಂದು ಉಪಭಾಷೆ, ಅತ್ತ ಇನ್ನೊಂದು ಎನ್ನಲು ಬರುವುದಿಲ್ಲ. ಇದು ನನಗೆ ಹೊಳೆದದ್ದು ನಮ್ಮ ಶಾಲೆಯ ವರಾಂಡದಲ್ಲೇ. ಹುಡುಗ ‘ಆಲು ಐತೆ’ ಅನ್ನುತ್ತಾನೆ. ಹಾವೇರಿಯ ಹುಡುಗಿ ‘ಹಾಲು ಐತಿ’ ಅನ್ನುತ್ತಾಳೆ. ಶಿರಸಿ ಕಡೆಯ ಹವ್ಯಕರಾದ ನಮ್ಮ ವಿಜ್ಞಾನದ ಮೇಷ್ಟ್ರು ಮನೆಗೆ ಫೋನ್ ಮಾಡಿದಾಗ ‘ಹಾಲು ಇದ್ದು’ ಅನ್ನುತ್ತಾರೆ. ನಾನು ‘ಹಾಲು ಇದೆ’ ಅನ್ನುತ್ತೇನೆ. ಹಕಾರದ ಲೆಕ್ಕದಲ್ಲಿ ಹುಡುಗ ಒಂದು ಕಡೆ, ನಾವು ಮೂವರು ಇನ್ನೊಂದು ಕಡೆ. ‘ಐತೆ’ಯ ಲೆಕ್ಕದಲ್ಲಿ ಹುಡುಗನೂ ಅವನನ್ನು ತಿದ್ದಿದ ಹುಡುಗಿಯೂ ಒಂದೇ ಕಡೆ, ನಾನೇ ಹೊರಗಿನವನು. ಒಂದೊಂದು ಬದಲಾವಣೆಯೂ ತನ್ನದೇ ದಾರಿ ಹಿಡಿದು ತನ್ನದೇ ಜಾಗದಲ್ಲಿ ನಿಲ್ಲುತ್ತದೆ. ಇಂಥ ಹಲವು ಗೆರೆಗಳು ಒತ್ತೊತ್ತಾಗಿ ಬಿದ್ದ ಕಡೆ ನಾವು ಉಪಭಾಷೆ ಎಂಬ ಹೆಸರಿಡುತ್ತೇವೆ.

ದೂರ, ಘಟ್ಟ, ನೆರೆಭಾಷೆ ಇಷ್ಟರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಒಂದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಬೀದಿಗಳಲ್ಲಿ ಒಂದು ಕಡೆ ಹಾಲು, ಇನ್ನೊಂದು ಕಡೆ ಆಲು. ಅಲ್ಲಿ ಅಡ್ಡ ಬಂದಿರುವುದು ಜಾತಿ. ಮಗು ಮಾತು ಕಲಿಯುವುದು ಉಣ್ಣುವ ಮನೆಯಲ್ಲಿ, ಆಡುವ ಬೀದಿಯಲ್ಲಿ. ಹೆಣ್ಣು ಕೊಟ್ಟು ತರುವ ಸಂಬಂಧ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೆ ತಾಯಂದಿರ ಮಾತು ಹಬ್ಬುತ್ತದೆ. ಕೂಡಿ ಉಣ್ಣದ, ಕೂಡಿ ಆಡದ, ಸಂಬಂಧ ಬೆಳೆಸದ ಎರಡು ಬೀದಿಗಳ ನಡುವೆ ಮಾತಿನ ಮಟ್ಟಿಗೆ ಘಟ್ಟದಷ್ಟೇ ಎತ್ತರದ ಗೋಡೆ ಇರುತ್ತದೆ.

ಇದನ್ನು ಮೊದಲು ಅಚ್ಚುಕಟ್ಟಾಗಿ ಅಭ್ಯಾಸ ಮಾಡಿದವರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಒಬ್ಬರು. 1958ರಲ್ಲಿ ಅವರು ಆಡುಗನ್ನಡದ ಒಂದು ವ್ಯಾಕರಣವನ್ನು ಪ್ರಕಟಿಸಿದರು. 1960ರಲ್ಲಿ ಬೆಂಗಳೂರು ಕಡೆಯ ಬ್ರಾಹ್ಮಣರ ಮತ್ತು ಒಕ್ಕಲಿಗರ ಮಾತನ್ನು ಹೋಲಿಸಿ ಬರೆದರು. ಒಂದು ಕಡೆ ಹಾಲು, ಇನ್ನೊಂದು ಕಡೆ ಆಲು. ಒಂದು ಕಡೆ ಇದೆ, ಇನ್ನೊಂದು ಕಡೆ ಐತೆ. ಒಂದು ಕಡೆ ಕಾಫಿ, ಇನ್ನೊಂದು ಕಡೆ ಕಾಪಿ. ಓದುಬರಹ ತಲೆತಲಾಂತರದಿಂದ ಇರುವವರು ಮಾತನ್ನು ಬದಲಿಸುವುದೇ ಇಲ್ಲ ಎಂದು ಅವರಿಗೆ ಕಾಣಲಿಲ್ಲ. ಹೊರಗಿನ ಪದ, ಹೊರಗಿನ ಧ್ವನಿಗಳನ್ನು ಮೊದಲು ಒಳಕ್ಕೆ ತರುವವರು ಅವರೇ. ಆದರೆ ಮನೆಮಾತಿನ ಒಳಗೆ ತಾನಾಗಿ ನಡೆಯುವ ಸವೆತವನ್ನು ಬರಹ ತಡೆಹಿಡಿಯುತ್ತದೆ, ಓದು ದಕ್ಕದವರಲ್ಲಿ ಆ ಸವೆತ ತನ್ನ ಪಾಡಿಗೆ ನಡೆಯುತ್ತದೆ. ಆಮೇಲೆ ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಜೊತೆ ಸೇರಿ ಬ್ರೈಟ್ ತುಳುವನ್ನೂ ನೋಡಿದರು. ಅಲ್ಲಿ ಕನ್ನಡದಷ್ಟು ಬೇರುಬಿಟ್ಟ ಬರಹದ ಬಳಕೆ ಇರಲಿಲ್ಲ. ಬ್ರಾಹ್ಮಣರ ತುಳುವೂ ಉಳಿದವರ ತುಳುವೂ ಎರಡೂ ಒಳಗಿನಿಂದ ಬದಲಾಗಿದ್ದವು. ಅಂದರೆ ತಡೆದದ್ದು ಜಾತಿಯ ನಾಲಗೆಯಲ್ಲ, ಕೈಯಲ್ಲಿದ್ದ ಓಲೆ ಮತ್ತು ಬರೆಯುವ ಕಂಟ.

ನನ್ನ ಹುಡುಗನ ಮನೆಯಲ್ಲಿ ಶಾಲೆಗೆ ಹೋದ ಮೊದಲ ತಲೆಮಾರು ಅವನ ತಂದೆಯದು, ಅದೂ ನಾಲ್ಕನೇ ತರಗತಿಯವರೆಗೆ. ಹಕಾರವನ್ನು ಹಿಡಿದಿಡುವ ಬರಹ ಆ ಮನೆಗೆ ಈಗಷ್ಟೇ ಕಾಲಿಟ್ಟಿದೆ. ಶಾಲೆಯ ಬಾಗಿಲನ್ನು ಅವನ ಹಿರಿಯರಿಗೆ ಮುಚ್ಚಿಟ್ಟಿದ್ದ ಸಮಾಜವೇ ಈಗ ಅವನ ‘ಅಬ್ಬ’ ಕೇಳಿ ನಗುವುದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ.

ಈ ನಗುವಿನಲ್ಲಿ ಇನ್ನೊಂದು ಸಂಗತಿಯಿದೆ. ಓದಿದವರು ಹಕಾರ ಬಿಡುವುದಿಲ್ಲವೇ? ದೇವನಹಳ್ಳಿಗೆ ವಿಮಾನ ಹತ್ತಲು ಹೋಗುವವರೆಲ್ಲ ಮಾತಿನಲ್ಲಿ ‘ದೇವ್ನಳ್ಳಿ’ ಅನ್ನುತ್ತಾರೆ. ‘ತಗೊಂಡು ಹೋಗು’ ಎಂಬುದನ್ನು ನಾನೇ ತರಗತಿಯಲ್ಲಿ ದಿನಕ್ಕೆ ಹತ್ತು ಸಲ ‘ತಗೊಂಡೋಗು’ ಎನ್ನುತ್ತೇನೆ. ಮಹಾನವಮಿ ಮಾರ್ನಮಿಯಾಯಿತು. ಮಲೆ ಮಹದೇಶ್ವರ ಲಕ್ಷಾಂತರ ಜನರ ಬಾಯಲ್ಲಿ ಮಾದೇಶ್ವರ, ಮಾದಪ್ಪ. ಕಂಸಾಳೆಯವರು ರಾತ್ರಿಯಿಡೀ ಅವನ ಕತೆ ಹಾಡುವಾಗ ಹಕಾರ ಕಡಿಮೆಯಾಯಿತೆಂದು ಭಕ್ತಿ ಕಡಿಮೆಯಾಗುವುದಿಲ್ಲ. ಮಹಾಪ್ರಾಣದ ವಿಷಯವಂತೂ ಇನ್ನೂ ಸ್ಪಷ್ಟ. ಕನ್ನಡಿಗರಲ್ಲಿ ಹೆಚ್ಚಿನವರು ಮಾತಿನಲ್ಲಿ ಮಹಾಪ್ರಾಣ ಉಚ್ಚರಿಸುವುದೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮತ್ತೆ ಮತ್ತೆ ಬರೆದಿದ್ದಾರೆ. ಬರವಣಿಗೆಯಿಂದಲೂ ಅವನ್ನು ಕೈಬಿಡಬಹುದು ಎಂಬಲ್ಲಿಯವರೆಗೆ ಅವರ ವಾದ ಹೋಗುತ್ತದೆ. ಆ ಸಲಹೆಯನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಅವರು ಕಂಡದ್ದು ನಿಜ. ಭಾಷಣಕಾರರು ‘ಬಾರತ’ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ, ‘ಅಬ್ಬ’ ಎಂದರೆ ನಗುತ್ತಾರೆ. ಒಂದು ಎಲ್ಲರೂ ಬಿಟ್ಟದ್ದು, ಇನ್ನೊಂದು ಕೆಲವರು ಬಿಟ್ಟದ್ದು. ಆ ಕೆಲವರು ಯಾರೆಂದು ಕೇಳುವವರಿಗೆ ಗೊತ್ತು.

ಈಗ ಹುಡುಗನ ಇನ್ನುಳಿದ ಮೂರು ತಪ್ಪಿಗೆ ಬರುತ್ತೇನೆ. ಹಾನೆ, ಹೆಲೆ, ಅಕ್ಕಿಗೆ ಹಕ್ಕಿ. ಮೊದಲು ನೋಡಿದಾಗ ಇವೇ ಹೆಚ್ಚು ದಡ್ಡತನದ ತಪ್ಪುಗಳಾಗಿ ಕಂಡಿದ್ದವು. ಈಗ ಹಾಗನ್ನಿಸುವುದಿಲ್ಲ. ಆನೆಗೆ ಹಾನೆ ಎನ್ನುವವರು ಅವನ ಮನೆಯಲ್ಲೂ ಇಲ್ಲ, ಊರಲ್ಲೂ ಇಲ್ಲ. ತನ್ನ ಮಾತಿನಲ್ಲಿ ಏನೋ ಒಂದು ಕಡಿಮೆಯಿದೆ, ಅದನ್ನು ತುಂಬಿಕೊಳ್ಳಬೇಕು ಎಂದು ಶಾಲೆ ಅವನಿಗೆ ಕಲಿಸಿತ್ತು. ಎಲ್ಲಿ ತುಂಬಬೇಕು ಎಂದು ಕಲಿಸಿರಲಿಲ್ಲ. ಅವನ ಕಿವಿಗೆ ಆನೆಯ ‘ಆ’ ಮತ್ತು ಆಲಿನ ‘ಆ’ ಒಂದೇ. ಹಾಗಾಗಿ ಊಹಿಸಿ, ಕೆಲವಕ್ಕೆ ಹಕಾರ ಹಚ್ಚಿದ. ವೇದಿಕೆಯ ಮೇಲೆ ‘ಆದರದ ಸ್ವಾಗತ’ ಎನ್ನಲು ಹೋಗಿ ‘ಹಾದರದ ಸ್ವಾಗತ’ ಎಂದುಬಿಟ್ಟವರ ಕತೆಯನ್ನು ಹೇಳಿಕೊಂಡು ನಗುವುದುಂಟು. ನನಗೆ ಈಗ ಅದು ನಗುವ ಕತೆಯಾಗಿ ಉಳಿದಿಲ್ಲ. ಹಾಗೆ ಹೇಳಿದವರು ಯಾರೇ ಇರಲಿ, ಆ ಕ್ಷಣದಲ್ಲಿ ಇನ್ನಿಲ್ಲದಷ್ಟು ಜಾಗರೂಕರಾಗಿ, ಅವಮಾನವಾಗಬಾರದೆಂದು ಹೆದರುತ್ತಾ ಮಾತಾಡಿರುತ್ತಾರೆ.

ಇನ್ನು ನಾನು ಮಾಡಿದ್ದು. ಮೊದಲು ಉಚ್ಚಾರಣೆ ತಿದ್ದುವುದನ್ನು ನಿಲ್ಲಿಸಿದೆ. ಹಲಗೆಯ ಮೇಲೆ ಮೂರು ಸಾಲು ಬರೆದೆ: ಪಾಲು, ಹಾಲು, ಆಲು. ಮೊದಲನೆಯದು ಹಳೆಯ ಶಾಸನದವರು ಆಡುತ್ತಿದ್ದುದು, ಎರಡನೆಯದು ನಾವು ಪುಸ್ತಕದಲ್ಲಿ ಬರೆಯುವುದು, ಮೂರನೆಯದು ನಮ್ಮೂರಲ್ಲಿ ಆಡುವುದು, ಮೂರೂ ಕನ್ನಡವೇ ಎಂದೆ. ಮನೆಯಿಂದ ಇಂಥ ಪದ ಹುಡುಕಿ ತನ್ನಿ ಎಂದು ಹೇಳಿದೆ. ಈ ಕೆಲಸದಲ್ಲಿ ಊರ ಮಕ್ಕಳೇ ಮುಂದು, ಏಕೆಂದರೆ ಮೂರನೆಯ ಸಾಲು ಅವರಿಗೆ ಗೊತ್ತಿತ್ತು. ಹಾವೇರಿಯ ಹುಡುಗಿ ಎರಡನೆಯ ಸಾಲು ತುಂಬಿಕೊಟ್ಟಳು. ಮೊದಲನೆಯದಕ್ಕೆ ನಿಘಂಟು ತಂದಿಟ್ಟೆ. ಒಂದು ವಾರದಲ್ಲಿ ಐವತ್ತಕ್ಕೂ ಹೆಚ್ಚು ಪದ ಸೇರಿದವು. ಹುಡುಗ ‘ಇಟ್ಟು’ ತಂದ. ಅವರ ಮನೆಯಲ್ಲಿ ಇಟ್ಟು ಎಂದರೆ ರಾಗಿಮುದ್ದೆ. ಅದು ಪಿಟ್ಟು ಎಂಬ ಪದದ ಮೊಮ್ಮಗ ಎಂದು ತಿಳಿದಾಗ ಅವನ ಮುಖದಲ್ಲಿ ಕಂಡ ಗೆಲುವನ್ನು ನಾನು ಮರೆಯಲಾರೆ. ಅಂದು ಅವನು ವಾರಗಳ ಮೇಲೆ ಮೊದಲ ಸಲ ತಾನಾಗಿ ಪ್ರಶ್ನೆ ಕೇಳಿದ: “ಅಂಗಾರೆ ಸಾ, ಆನೆಗೂ ಮೊದ್ಲು ಪಾನೆ ಅಂತಿದ್ರಾ?” ಇಲ್ಲ ಎಂದೆ. “ಅಂಗಾರೆ ಅದ್ಕೆ ಹ ಬರೀಬಾರ್ದು” ಅಂದ. ನಾನು ಹೇಳಿಕೊಡಬೇಕಿದ್ದ ಸೂತ್ರವನ್ನು ಅವನೇ ಕಂಡುಕೊಂಡಿದ್ದ.

ಎಲ್ಲ ಪದಕ್ಕೂ ಈ ಉಪಾಯ ನಡೆಯುವುದಿಲ್ಲ ನಿಜ. ಸಹಾಯ, ಹಿಮ, ಹೃದಯ ಇವುಗಳ ಹಕಾರ ಸಂಸ್ಕೃತದಲ್ಲೇ ಇದ್ದದ್ದು, ಅಲ್ಲಿ ಹಿಂದೆ ಪಕಾರವಿಲ್ಲ. ಅವನ್ನು ಕಂಡು ಬರೆದೇ ಕಲಿಯಬೇಕು. ದಸರಾ ರಜೆಗೆ ಮುಂಚೆ ಮತ್ತೆ ಇಪ್ಪತ್ತು ಪದ ಹೇಳಿ ಬರೆಸಿದಾಗ ಅವನಿಗೆ ಎರಡು ತಪ್ಪಿದವು. ‘ಸಾಯ’ ಹಾಗೇ ಇತ್ತು, ‘ಮಹಾರಾಜ’ ‘ಮಾರಾಜ’ ಆಗಿತ್ತು. ಹಾನೆ, ಹೆಲೆಗಳು ಪೂರ್ತಿ ಮಾಯವಾಗಿದ್ದವು. ಎರಡು ತಪ್ಪಿಗೂ ಗೆರೆ ಎಳೆದೆ. ಬರಹದಲ್ಲಿ ಹಕಾರ ಬೇಕು. ನಾಳೆ ಅವನು ಅರ್ಜಿ ಬರೆಯಬೇಕು, ಪರೀಕ್ಷೆ ಕಟ್ಟಬೇಕು. ಅದನ್ನು ಕಲಿಸದೆ ಬಿಟ್ಟರೆ ಅವನಿಗೇ ಮೋಸ. ಪಕ್ಕದಲ್ಲಿ ಈ ಸಲ ‘ಬರೆಯುವಾಗ ಹೀಗೆ’ ಎಂದಷ್ಟೇ ಬರೆದೆ.

ಸಹೋದ್ಯೋಗಿಗಳಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ. ಮಕ್ಕಳ ಮಾತಿಗೆ ಹೀಗೆ ಸಲಿಗೆ ಕೊಟ್ಟರೆ ಸಂದರ್ಶನದಲ್ಲಿ ನಗೆಪಾಟಲಾಗುತ್ತಾರೆ ಎಂದರು ಒಬ್ಬರು. ಅವರ ಆತಂಕ ಸುಳ್ಳಲ್ಲ. ಹಾಗಾಗಿ ಮೈಕಿನ ಮುಂದೆ, ಸಭೆಯಲ್ಲಿ ಬೇಕಾದಾಗ ಹಕಾರ ಹಿಡಿಯುವುದನ್ನೂ ಅಭ್ಯಾಸ ಮಾಡಿಸುತ್ತಿದ್ದೇನೆ. ಎರಡು ಕನ್ನಡ ಬಲ್ಲವನಿಗೆ ನಷ್ಟವೇನಿಲ್ಲ. ಮನೆಯ ಕನ್ನಡವನ್ನು ನಾಚಿಕೆಯಿಂದ ಬಚ್ಚಿಡುವಂತೆ ಆಗಬಾರದು, ಅಷ್ಟೇ ನನ್ನ ಹಟ. ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿತು. ದೇಸಿಗಳು ಬೇರೆ ಬೇರೆ ಇರುವುದರಿಂದ ಅವುಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರವಾದೀತು ಎಂದಿತು. ನಾನು ಒಂಬತ್ತು ತಪ್ಪು ಎಣಿಸಿ ಮುಗಿಸಿದ್ದೆ.

ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಬೇಲೂರು, ಹಳೇಬೀಡಿಗೆ ಹೋಯಿತು. ದಾರಿ ಬಳಸಾದರೂ ಹಲ್ಮಿಡಿ ನೋಡಿಯೇ ಹೋಗೋಣ ಎಂದೆ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಒಂದು ತಿರುವಿನಲ್ಲಿ ಡ್ರೈವರಿಗೆ ದಾರಿ ತಿಳಿಯದೆ ಬಸ್ಸು ನಿಲ್ಲಿಸಿದರು. ರಸ್ತೆಬದಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನನ್ನು ಕಿಟಕಿಯಿಂದಲೇ ಕೇಳಿದೆ.

“ಅಲ್ಮಿಡಿಗಾ?” ಅಂದರು ಅಜ್ಜ. “ಇಂಗೇ ನೆಟ್ಟಗೋಗಿ ಸ್ವಾಮಿ.”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹಾವೇರಿಯ ಹುಡುಗಿ ಚೀಲದಿಂದ ಪುಸ್ತಕ ತೆಗೆದು, ಪಲ್ಮಿಡಿ, ಹಲ್ಮಿಡಿ ಎಂದು ಬರೆದಿದ್ದ ಪುಟ ಹುಡುಕಿದಳು. ಪಕ್ಕದ ಸಾಲಿನಲ್ಲಿ ಕೂತಿದ್ದ ನಮ್ಮ ಹುಡುಗನಿಗೆ ಅದನ್ನು ದಾಟಿಸಿ, “ಮೂರನೇದ್ದು ನೀನs ಬರಿ” ಅಂದಳು.